ಮಾರ್ಲಿನ್‌ನ ಸದ್ದಿಲ್ಲದ ಬ್ರೇಕು

ನನ್ನ ತಮ್ಮ ಮಾರ್ಲಿನ್ ಗೋರ್ಟ್ಸ್ ಎಳೆಗೂಸಾಗಿದ್ದಾಗ ಬಲಕ್ಕೆ ಮಗುಚಿಕೊಳ್ಳಬೇಕೋ ಎಡಕ್ಕೆ ಮಗುಚಿಕೊಳ್ಳಬೇಕೋ ತಿಳಿಯದೆ ತಿಂಗಳುಗಟ್ಟಲೆ ಅಂಗಾತವೇ ಮಲಗಿದ್ದನಂತೆ. ನಮ್ಮಮ್ಮ ಇದನ್ನು ನಗುತ್ತಾ ಹೇಳುತ್ತಿದ್ದಳು. ನಾನು ನಗದೆ ಹೇಳುತ್ತೇನೆ. ಐವತ್ತು ದಾಟಿದ ಮೇಲೂ ಅವನು ಅಂಗಾತ ಮಲಗಿಯೇ ಇದ್ದಾನೆ, ಯಾರಾದರೂ ಬಂದು ಮಗುಚಬೇಕು.

ನಮ್ಮೂರು ಟಿಂಬರ್‌ಫೋರ್ಡಿನಲ್ಲಿ ಅವನನ್ನು ಕಂಡರೆ ಆಗದವರು ಯಾರೂ ಇಲ್ಲ. ಇರುವುದಾದರೂ ಹೇಗೆ? ಅವನು ಯಾರ ಮಾತಿಗೂ ಹೌದು ಎಂದವನಲ್ಲ, ಅಲ್ಲ ಎಂದವನೂ ಅಲ್ಲ. ಸಹಕಾರ ಸಂಘದವರು ಧಾನ್ಯ ತುಂಬಿಡುವ ಗೋಪುರದ ಬುಡದಲ್ಲಿ ಗೋಧಿ ಟ್ರಕ್ಕುಗಳನ್ನು ತೂಗುವ ಕೋಣೆಯಿದೆಯಲ್ಲ, ಅಲ್ಲಿ ಕೂತು ಅರ್ಧ ಆಯುಷ್ಯ ಕಳೆದ. ಟ್ರಕ್ಕು ಬಂದು ನಿಲ್ಲುತ್ತದೆ, ತೂಕ ತಾನೇ ಕಾಣಿಸುತ್ತದೆ, ಇವನು ಕಿಟಕಿಯಿಂದ ಕೈಯೆತ್ತಿ ಹೋಗು ಎನ್ನುತ್ತಾನೆ. ಅವನಿಗೆ ಹೇಳಿ ಮಾಡಿಸಿದ ಕೆಲಸ. ಮದುವೆಯೂ ಹಾಗೆಯೇ ಆಯಿತು. ಡೋರೀನ್ ಅವನ ಜೊತೆ ಐದು ವರ್ಷ ಓಡಾಡಿ ಸುಸ್ತಾಗಿ, ಒಂದು ಭಾನುವಾರ ಚರ್ಚಿನ ಮೆಟ್ಟಿಲ ಮೇಲೆ ನಿಂತು, "ಮುಂದಿನ ತಿಂಗಳು ಮದುವೆ. ನೀನೂ ಬಾ" ಅಂದಳು. ಇವನು ಹೋದ. ಅವರ ಮನೆಯ ಮುಂದಿನ ಗೋಡೆಯಲ್ಲಿ ಇವತ್ತಿಗೂ ಏಳೆಂಟು ಬಣ್ಣದ ತೇಪೆಗಳಿವೆ. ಯಾವ ಬಣ್ಣ ಹೊಡೆಯೋಣ ಎಂದು ನೋಡಲು ಮಗಳು ನೋರಾ ತೊಟ್ಟಿಲಲ್ಲಿದ್ದಾಗ ಬಳಿದದ್ದು.

ಇಂಥವನ ಕೈಗೆ ಸೈಕಲ್ಲಿನ ಬ್ರೇಕು ಆರಿಸುವ ಕೆಲಸ ಬಿತ್ತು.

ನಮ್ಮ ಕಾನ್ಸಸ್ಸಿನ ಈ ಗುಡ್ಡಗಳಲ್ಲಿ ಡಾಂಬರು ಕಂಡ ರಸ್ತೆ ಕಡಿಮೆ. ಚಕಮಕಿ ಕಲ್ಲಿನ ಜಲ್ಲಿ, ಅದರ ಮೇಲೆ ಧೂಳು, ಎರಡೂ ಕಡೆ ಹುಲ್ಲುಗಾವಲು, ಹುಲ್ಲುಗಾವಲಲ್ಲಿ ದನ. ನಾವು ಹುಟ್ಟಿದಾಗಿನಿಂದ ಶಾಪ ಹಾಕುತ್ತಿದ್ದ ಈ ರಸ್ತೆಗಳ ಮೇಲೆ ಸೈಕಲ್ ತುಳಿಯಲು ಎಲ್ಲೆಲ್ಲಿಂದಲೋ ಜನ ಬರತೊಡಗಿದರು. ಹಂದಿಯ ತೊಡೆಗೆ ಹೊದಿಸಿದ ಹಾಗೆ ಮೈಗಂಟುವ ಚಡ್ಡಿ, ಅಂಗೈಯಗಲದ ಸೀಟು. ಮೊದಲು ನಕ್ಕೆವು. ಆಮೇಲೆ ನಮ್ಮೂರವರಿಗೂ ಹುಚ್ಚು ಹಿಡಿಯಿತು. ಪ್ರತಿ ವರ್ಷ ಜೂನ್ ಮೊದಲ ಶನಿವಾರ ನೂರು ಮೈಲಿಯ ಓಟ. ಬೆಳಗಿನ ಬೆಳಕಿಗೆ ನನ್ನ ಕೆಫೆಯ ಮುಂದಿನಿಂದ ಹೊರಡಬೇಕು, ಸೂರ್ಯ ಧಾನ್ಯದ ಗೋಪುರದ ಹಿಂದೆ ಇಳಿಯುವ ಮೊದಲು ಅಲ್ಲಿಗೇ ಬರಬೇಕು. ನಡುವೆ ಹಳೇ ಶಾಲೆಯ ಅಂಗಳದಲ್ಲಿ ಒಂದು ಸಲ ಮಾತ್ರ ಮನೆಯವರು ಊಟ, ನೀರು, ಸಾಮಾನು ಕೊಡಬಹುದು. ದಾರಿಯಲ್ಲಿ ಹೊರಗಿನವರು ಒಂದು ಮೊಳೆ ಕೊಟ್ಟರೂ ಹೆಸರು ಹೊಡೆದುಹಾಕುತ್ತಾರೆ. ಸವಾರರು ಒಬ್ಬರಿಗೊಬ್ಬರು ಏನು ಬೇಕಾದರೂ ಕೊಡಬಹುದು. ಅಷ್ಟೇ ನಿಯಮ. ಆ ದಿನ ನನ್ನ ಅಂಗಡಿಯಲ್ಲಿ ಮಾಂಸ ಮತ್ತು ಕೋಸು ತುಂಬಿದ ಬನ್ನು ಒಲೆಯಿಂದ ಇಳಿದ ಕ್ಷಣಕ್ಕೇ ಖಾಲಿ. ಹಾಗಾಗಿ ನಾನು ಆ ಹುಚ್ಚರ ಬಗ್ಗೆ ಜೋರಾಗಿ ಏನೂ ಅನ್ನುವುದಿಲ್ಲ.

ನೋರಾ ಮೊದಲ ಸಲ ಆ ನೂರು ಮೈಲಿ ತುಳಿದದ್ದು ಎರವಲು ಸೈಕಲ್ಲಿನಲ್ಲಿ. ಮೈಯೆಲ್ಲ ಧೂಳಾಗಿ ಬಂದು ನನ್ನ ಅಂಗಡಿಯ ನೆಲದ ಮೇಲೆ ಕಾಲು ಚಾಚಿ ಕೂತು, ಅಪ್ಪನಿಗೆ ಹೇಳಿದಳು.

"ಅಪ್ಪ, ಮುಂದಿನ ಸಲ ನೀನೂ ನನ್ನ ಜೊತೆ ಬಾ. ಇಲ್ಲಿಂದ ಹೊರಟು ಇಲ್ಲಿಗೆ ಬರೋವರೆಗೂ. ಪಕ್ಕದಲ್ಲೇ."

ಮಾರ್ಲಿನ್ ನಾಚಿ ಕೆಂಪಾದ. ಅವನ ಜೊತೆ ಎಲ್ಲಿಗಾದರೂ ಹೋಗಬೇಕು ಎಂದು ಅದುವರೆಗೆ ಯಾರೂ ಆಸೆಪಟ್ಟು ಕೇಳಿರಲಿಲ್ಲ. "ಬರ್ತೀನಿ ಮಗಳೇ" ಅಂದ. ಒಂದೇ ಉಸಿರಿಗೆ ಅಂದ. ನಾನು ಕೈಯಲ್ಲಿದ್ದ ತಟ್ಟೆ ಕೆಳಗಿಟ್ಟು ನೋಡಿದೆ.

ಮರುದಿನದಿಂದ ಶುರುವಾಯಿತು. ನನ್ನ ಕೆಫೆಯಲ್ಲಿ ಕಿಟಕಿಯ ಪಕ್ಕ ಒಂದು ದುಂಡು ಮೇಜಿದೆ. ಬೆಳಗಾಗುವುದೇ ತಡ ಊರಿನ ಗಂಡಸರು ಅದರ ಸುತ್ತ ಕೂತು ಕಾಫಿ ಕುಡಿದು, ಬಿಲ್ಲು ಯಾರು ಕೊಡಬೇಕೆಂದು ದಾಳ ಉರುಳಿಸುತ್ತಾರೆ. ಅಲ್ಲಿ ಕೂತು ಮಾರ್ಲಿನ್ ಬ್ರೇಕಿನ ಪುರಾಣ ತೆಗೆದ. ಚಕ್ರದ ಅಂಚನ್ನು ಹಿಡಿಯುವ ಹಳೇ ಬ್ರೇಕು ಕೆಸರಲ್ಲಿ ಕೈಕೊಡುತ್ತದಂತೆ, ಚಕ್ರದ ನಡುವಿನ ತಟ್ಟೆಯನ್ನು ಹಿಡಿಯುವ ಡಿಸ್ಕೇ ಬೇಕಂತೆ. ಸರಿ, ಡಿಸ್ಕು. ಆದರೆ ತಂತಿ ಎಳೆಯುವ ಡಿಸ್ಕೋ, ಎಣ್ಣೆಯ ಒತ್ತಡದ ಡಿಸ್ಕೋ? ತಂತಿಯದು ದಾರಿಯಲ್ಲಿ ಕೆಟ್ಟರೆ ಕೈಯಲ್ಲೇ ಸರಿಮಾಡಬಹುದು, ಆದರೆ ಬೆರಳು ನೋಯುತ್ತದೆ. ಎಣ್ಣೆಯದು ಒಂದು ಬೆರಳಿಗೇ ನಿಲ್ಲುತ್ತದೆ, ಆದರೆ ಎಣ್ಣೆ ಸೋರಿದರೆ ಮುಗಿಯಿತು.

ಮೇಜಿನ ಆ ಕಡೆ ಕೂತಿದ್ದ ಹಾರ್ಲನ್ ಬುಲರ್ ಇದನ್ನು ಒಂದು ವಾರ ಕೇಳಿದ. ಹಾರ್ಲನ್‌ನದು ಊರಾಚೆ ದೊಡ್ಡ ದನದ ಮಾಳ, ಅದಕ್ಕಿಂತ ದೊಡ್ಡ ಬಾಯಿ. ಎಂಟನೇ ದಿನ ಕಪ್ಪು ಕೆಳಗಿಟ್ಟ.

"ಮಾರ್ಲಿನ್, ನೀನು ಎಲ್ಲಿ ನಿಲ್ಲಬೇಕು ಅಂತಿದೀಯೋ? ಇನ್ನೂ ಹೊರಟೇ ಇಲ್ವಲ್ಲೋ ಮಾರಾಯ."

"ಹಾಗಲ್ಲ ಹಾರ್ಲನ್, ಇಳಿಜಾರಲ್ಲಿ..."

"ನಮ್ಮೂರಲ್ಲಿ ಎಲ್ಲಿದೆಯಪ್ಪ ಇಳಿಜಾರು? ಇಳಿಯೋಕೆ ಶುರುಮಾಡಿದ್ರೆ ಮುಗಿಯೋಷ್ಟರಲ್ಲಿ ಮತ್ತೆ ಏರು. ನಿಂಗೆ ಬ್ರೇಕ್ ಬೇಕಾಗೋದು ನನ್ನ ದನ ಅಡ್ಡ ಬಂದಾಗ ಮಾತ್ರ. ಅದಕ್ಕೆ ಕಾಲು ಸಾಕು."

ದುಂಡು ಮೇಜು ನಕ್ಕಿತು. ಮಾರ್ಲಿನ್ ಕೂಡ ನಕ್ಕ, ತಾನು ನಗಬೇಕೋ ಬೇಡವೋ ಎಂದು ಸ್ವಲ್ಪ ತಡಮಾಡಿ.

ಜೂನ್ ಬಂತು. ಸೈಕಲ್ಲಿನ ಚೌಕಟ್ಟು ಅವನ ಗ್ಯಾರೇಜಿನಲ್ಲಿ ಹಗ್ಗಕ್ಕೆ ನೇತಾಡುತ್ತಿತ್ತು, ಚಕ್ರವಿಲ್ಲ, ಬ್ರೇಕಿಲ್ಲ. ನೋರಾ ಒಬ್ಬಳೇ ಹೋದಳು. "ಮುಂದಿನ ವರ್ಷ ಖಂಡಿತ" ಅಂದ ಇವನು. ಎರಡನೇ ವರ್ಷ ಎಣ್ಣೆ ಬ್ರೇಕು ಬಂತು. ಆದರೆ ಡಿಸ್ಕು ದೊಡ್ಡದಿರಲೋ ಸಣ್ಣದಿರಲೋ? ಮುಂದೆ ಒಂದು ಹಲ್ಲುಗಾಲಿಯೋ ಎರಡೋ? ಟೈರಿನ ಅಗಲ ಎಷ್ಟು? ಯೋಚಿಸಿ ಯೋಚಿಸಿ ತರಿಸಿದ ಚಕ್ರದ ಅಚ್ಚು ಚೌಕಟ್ಟಿಗೆ ಕೂರಲಿಲ್ಲ. ನಾನು ಗ್ಯಾರೇಜಿಗೆ ಹೋಗಿ ನೋಡಿದೆ. ಅಂಗಡಿಯೊಂದನ್ನು ಬಿಚ್ಚಿ ಹರವಿದ ಹಾಗೆ ನೆಲದ ತುಂಬ ಸಾಮಾನು, ನಡುವೆ ಸ್ಟೂಲಿನ ಮೇಲೆ ಇವನು.

"ಅಕ್ಕ, ಇದನ್ನ ನೋಡು. ಇದಾದ್ರೆ ಗಟ್ಟಿ, ಅದಾದ್ರೆ ಹಗುರ."

"ನೀನು ಎರಡೂ ಅಲ್ಲ" ಎಂದು ಹೇಳಿ ಬಂದುಬಿಟ್ಟೆ. ಆ ಜೂನಿನಲ್ಲೂ ನೋರಾ ಯಾರೋ ಪರವೂರಿನವರ ಗುಂಪಿನ ಜೊತೆ ತುಳಿದಳು. ಮಾರ್ಲಿನ್ ಓಟ ಮುಗಿಯುವ ಗೆರೆಯ ಹತ್ತಿರ ನಿಂತು ಎಲ್ಲರ ಸೈಕಲ್ಲಿನ ಬ್ರೇಕು ಬಗ್ಗಿ ನೋಡುತ್ತಿದ್ದ. ಮಗಳು ಬಂದದ್ದನ್ನೂ ಅವಳ ಬ್ರೇಕು ಕಂಡ ಮೇಲೆಯೇ ಗುರುತಿಸಿದ.

ಅವತ್ತು ಸಂಜೆ ನೋರಾ ಎಲ್ಲರ ಎದುರಿಗೇ ಹೇಳಿದಳು. ಕೂಗಾಡಲಿಲ್ಲ. ನನ್ನ ಸೋದರಸೊಸೆ ಕೂಗಾಡುವವಳಲ್ಲ, ಅದಕ್ಕೇ ಅವಳ ಮಾತಿಗೆ ಹೆದರಬೇಕು.

"ಅಪ್ಪ, ಎರಡು ಸಲ ಕೇಳಿದೆ. ಬರೋ ವರ್ಷಕ್ಕೆ ಇನ್ನೊಂದೇ ಸಲ ಕೇಳ್ತಿದೀನಿ. ಬಂದ್ರೆ ಬಾ. ಆಮೇಲೆ ಇನ್ನು ಕೇಳಲ್ಲ."

ಆ ಮಾತು ಅವನಿಗೆ ನಾಟಿತು, ಸುಳ್ಳು ಹೇಳುವುದಿಲ್ಲ. ಆ ಚಳಿಗಾಲ ಅವನು ಮೀನಮೇಷ ಎಣಿಸುವುದನ್ನು ಬಿಡಲಿಲ್ಲವಾದರೂ ಸ್ವಲ್ಪ ಬೇಗ ಬೇಗ ಎಣಿಸಿದ. ನನ್ನ ಹಿಟ್ಟು ತೂಗುವ ತಕ್ಕಡಿ ಎತ್ತಿಕೊಂಡು ಹೋಗಿ ಬೋಲ್ಟು, ತಿರುಪು ಎಲ್ಲ ತೂಗಿದ. ನಾನು ಸೋಮವಾರದ ಖಾರದ ರಾಜ್ಮಾ ಸಾರಿನ ಜೊತೆ ಕೊಡುವ ದಾಲ್ಚಿನ್ನಿ ರೋಲಿಗೆ ಹಿಟ್ಟನ್ನು ಕಣ್ಣಂದಾಜಿನಲ್ಲಿ ಹಾಕಿ ಎರಡು ವಾರ ಬೈಸಿಕೊಂಡೆ. ಕೊನೆಗೆ ಮಾರ್ಚಿನಲ್ಲಿ, ಗುಡ್ಡಗಳಲ್ಲಿ ಒಣಹುಲ್ಲಿಗೆ ಬೆಂಕಿಯಿಡುವ ಹೊತ್ತಿಗೆ, ಸೈಕಲ್ಲು ನೆಲದ ಮೇಲೆ ನಿಂತಿತು. ನೋರಾ ಈಚೆಗೆ ಕೊಂಡ ಸೈಕಲ್ಲಿನದು ತಂತಿಯ ಡಿಸ್ಕು, ಇವನದು ಎಣ್ಣೆಯದು. ಆದರೂ ಡಿಸ್ಕನ್ನು ಹಿಡಿಯುವ ಪ್ಯಾಡು ಎರಡಕ್ಕೂ ಒಂದೇ ಆಕಾರದ್ದು ಕೂರುವಂತೆ ನೋಡಿ ಆರಿಸಿದ್ದ. ಜೀವನದಲ್ಲಿ ಅವನು ಮಾಡಿದ ಬುದ್ಧಿವಂತಿಕೆಯ ಕೆಲಸ ಅದೊಂದೇ. ಪ್ಯಾಡು ಲೋಹದ ಪುಡಿ ಬೆರೆಸಿದ್ದು. ಕೆಸರಿಗೂ ಕಲ್ಲಿಗೂ ಜಗ್ಗದ್ದು ಎಂದು ಕೌಂಟಿಯ ಮುಖ್ಯ ಊರಿನ ಸೈಕಲ್ ಅಂಗಡಿಯವ ಕೊಟ್ಟದ್ದು.

ಮೊದಲ ಸಲ ಊರಾಚೆ ಹೋದ. ಹಾರ್ಲನ್‌ನ ಮಾಳದ ಪಕ್ಕದ ಇಳಿಜಾರಿನಲ್ಲಿ ಬ್ರೇಕು ಹಿಡಿದ. ಬೆಳಗಿನ ಮಂಜು ಬಿದ್ದಿತ್ತು. ಒದ್ದೆಯಾದ ಲೋಹದ ಪ್ಯಾಡು ಕಿವಿ ಕಿತ್ತುಹೋಗುವ ಹಾಗೆ ಕಿರುಚಿತು. ಗುಡ್ಡದ ಮೇಲಿದ್ದ ದನ ತಲೆ ಎತ್ತಿದವು. ಇಲ್ಲಿ ಹುಟ್ಟಿ ಬೆಳೆದು ಐವತ್ತು ವರ್ಷವಾದವನಿಗೆ ಇದು ಹೊಳೆಯಬೇಕಿತ್ತು: ಚಳಿಗಾಲವಿಡೀ ಹಾರ್ಲನ್ ಮೇವಿನ ಟ್ರಕ್ಕು ತಂದು ಸೈರನ್ನು ಕೂಗಿಸಿದಾಗ ಅವು ಓಡಿ ಬಂದು ರೂಢಿ. ಇದನ್ನು ಕೇಳಿದವು, ಓಡಿ ಬಂದವು. ಮಾರ್ಲಿನ್ ಹೆದರಿ ಇನ್ನೂ ಜೋರಾಗಿ ಬ್ರೇಕು ಹಿಡಿದ. ಅದು ಇನ್ನೂ ಜೋರಾಗಿ ಕಿರುಚಿತು. ಹಿಂಡಿಗೆ ಹಿಂಡೇ ಇಳಿದು ಬಂದು ಬೇಲಿಗೆ ಒತ್ತಿ ಗೇಟು ಮುರಿದು ರಸ್ತೆಗೆ ಬಂತು. ನನ್ನ ತಮ್ಮ ಸೈಕಲ್ಲು ಹಿಡಿದುಕೊಂಡು ದನಗಳ ನಡುವೆ ನಿಂತಿದ್ದ, ಅವು ಅವನ ಬೆನ್ನ ಚೀಲ ಮೂಸುತ್ತಿದ್ದವು.

ಮರುದಿನ ದುಂಡು ಮೇಜಿನಲ್ಲಿ ಹಾರ್ಲನ್ ಗಂಭೀರವಾಗಿ ಹೇಳಿದ. "ನೋಡಪ್ಪ ಮಾರ್ಲಿನ್, ಗೇಟು ಹೋದ್ರೆ ಹೋಗ್ಲಿ. ಆದ್ರೆ ಕರೆದ ಮೇಲೆ ಬರಿಗೈಯಲ್ಲಿ ಬರಬಾರದು. ಒಂದು ಮೂಟೆ ಮೇವಾದ್ರೂ ಕಟ್ಕೊಂಡು ಬಾ. ಪಾಪ, ಅವು ಇನ್ನೂ ದಾರಿ ನೋಡ್ತಿವೆ."

ಅವತ್ತಿನಿಂದ ಇವನು ಬಾಗಿಲು ತೆಗೆದರೆ ಸಾಕು, ದುಂಡು ಮೇಜಿನ ಗಂಡಸರೆಲ್ಲ ಒಟ್ಟಿಗೆ "ಅಂಬಾ" ಎನ್ನತೊಡಗಿದರು. ಅರವತ್ತು ದಾಟಿದ ಗಂಡಸರು, ಚರ್ಚಿನಲ್ಲಿ ಕಾಣಿಕೆಯ ತಟ್ಟೆ ಹಿಡಿಯುವವರು. ಅವರನ್ನೂ ನಾನು ಏನೂ ದೊಡ್ಡ ಮನುಷ್ಯರೆಂದು ಎಣಿಸಿಲ್ಲ. ಆದರೆ ನಾಲ್ಕು ದಿನ ನಕ್ಕು ಮರೆಯುವ ಮಾತದು. ಇವನಿಗೆ ತಡೆಯಲಾಗಲಿಲ್ಲ. ಹೋಗಿ ಎರಡೂ ಸೈಕಲ್ಲಿನ ಲೋಹದ ಪ್ಯಾಡು ಕಿತ್ತು ಮೆತ್ತನೆಯ ರಾಳದ ಪ್ಯಾಡು ಹಾಕಿದ. ಅದು ಸದ್ದು ಮಾಡುವುದಿಲ್ಲ. ಸೈಕಲ್ ಅಂಗಡಿಯವ ಎದುರಿಗೇ ಹೇಳಿದ್ದ: ಒಣ ರಸ್ತೆಗೆ ಸರಿ, ಮಳೆ ಬಂದರೆ ನಿಮ್ಮೂರ ಕೆಸರು ಇದನ್ನು ಒಂದೇ ದಿನಕ್ಕೆ ತಿಂದು ಮುಗಿಸುತ್ತದೆ.

ನೋರಾ ನನ್ನ ಅಂಗಡಿಗೇ ಬಂದು ಅಪ್ಪನನ್ನು ಹಿಡಿದಳು. "ನನ್ನ ಸೈಕಲ್ಲಿಂದ ಯಾಕಪ್ಪ ತೆಗೆದೆ? ಕಿರುಚಿದ್ರೆ ಕಿರುಚ್ಲಿ ಬಿಡು. ನಂಗೇನು ನಾಚಿಕೆ?"

"ಹಾಗಲ್ಲ ಮಗಳೇ, ಬೇರೆಯವರ ದನ..."

"ಹಾರ್ಲನ್ ತಮಾಷೆಗೆ ಅಂದಿದ್ದು."

"ಹೌದೋ ಮಾರ್ಲಿನ್, ತಮಾಷೆ" ಅಂದ ಹಾರ್ಲನ್, ಈ ಸಲ ನಗದೆ. "ಹಳೇದೇ ಹಾಕ್ಕೊ. ದನಕ್ಕೆ ನಾನು ಬುದ್ಧಿ ಹೇಳ್ತೀನಿ."

ಹಾಕಿಕೊಳ್ಳಲಿಲ್ಲ. ಊರೆಲ್ಲ ಹೇಳಿದ ಮೇಲೂ ಬದಲಾಯಿಸದೆ ಹಿಡಿದ ಹಟ ಅದೊಂದೇ, ಅದೂ ತಪ್ಪು ಹಟ. ಲೋಹದ್ದನ್ನು ಬಿಡಿಯಾಗಿ ಚೀಲದಲ್ಲಾದರೂ ಇಟ್ಟುಕೊ ಎಂದೆ. ಇಟ್ಟುಕೊಳ್ಳಲು ಹೊರಟ. ಆದರೆ ಬಿಡಿ ಪ್ಯಾಡು ಲೋಹದ್ದಿರಲೋ ರಾಳದ್ದಿರಲೋ ಎಂಬ ಪ್ರಶ್ನೆ ಎದ್ದಿತು. ಓಟದ ಹಿಂದಿನ ದಿನದವರೆಗೂ ಅದು ಇತ್ಯರ್ಥವಾಗದೆ ಎರಡೂ ಗ್ಯಾರೇಜಿನ ಮೇಜಿನ ಮೇಲೆಯೇ ಉಳಿದವು.

ಆ ರಾತ್ರಿ ಮಳೆ ಹೊಯ್ದಿತು.

ಬೆಳಿಗ್ಗೆ ಕಬ್ಬಿಣ ಸಾಮಾನಿನ ಅಂಗಡಿಯವರು ಬಣ್ಣ ಕಲಸುವ ಮರದ ಚಪ್ಪಟೆ ಕಡ್ಡಿಗಳನ್ನು ಪೆಟ್ಟಿಗೆಗಟ್ಟಲೆ ತಂದು ನನ್ನ ಬಾಗಿಲಲ್ಲಿಟ್ಟರು. ಮಳೆ ಬಂದರೆ ಸವಾರರೆಲ್ಲ ಒಂದೊಂದು ಕಡ್ಡಿ ಬೆನ್ನಿಗೆ ಸಿಕ್ಕಿಸಿಕೊಂಡು ಹೋಗುವುದು ಇಲ್ಲಿಯ ಪದ್ಧತಿ. ನಮ್ಮ ಕೆಸರು ಚಕ್ರಕ್ಕೆ ಹಿಡಿದರೆ ಬೆರಳಿಗೆ ಬಗ್ಗುವುದಿಲ್ಲ, ಕೆರೆಯಬೇಕು. ಮಾರ್ಲಿನ್ ಪೆಟ್ಟಿಗೆಯ ಮುಂದೆ ನಿಂತ. ಉದ್ದದ ಕಡ್ಡಿಗಳಿದ್ದವು, ಗಿಡ್ಡ ಕಡ್ಡಿಗಳಿದ್ದವು. ನಾನೇ ಒಂದನ್ನು ತೆಗೆದು ಅವನ ಅಂಗಿಯೊಳಗೆ ತುರುಕಿದೆ.

"ಹೋಗೋ ಸಾಕು."

ಹೋದ. ಮಗಳ ಪಕ್ಕದಲ್ಲಿ ಹೋದ. ಡೋರೀನ್ ಊರಲ್ಲಿರಲಿಲ್ಲ, ತಂಗಿಯ ಹೆರಿಗೆಗೆ ಹೋಗಿದ್ದಳು, ಅದಕ್ಕೇ ಅವರಿಬ್ಬರ ಮನೆಯವಳೆಂದು ನನ್ನ ಹೆಸರು ಬರೆಸಿದ್ದರು. ಇಬ್ಬರೂ ಹೆಗಲಿಗೆ ಹೆಗಲು ಕೊಟ್ಟು ಬೀದಿಯ ತಿರುವು ದಾಟುವವರೆಗೆ ನಾನೂ ಒಲೆಯ ಮೇಲಿನ ಬನ್ನು ಮರೆತು ಬಾಗಿಲಲ್ಲೇ ನಿಂತೆ. ಆಮೇಲೆ ನೆನಪಾಯಿತು.

ಮಧ್ಯಾಹ್ನ ಶಾಲೆಯ ಅಂಗಳಕ್ಕೆ ಬನ್ನಿನ ಬುಟ್ಟಿ ತೆಗೆದುಕೊಂಡು ಹೋದೆ. ಕೆಸರಿನ ಗೊಂಬೆಗಳ ಹಾಗೆ ಇಬ್ಬರೂ ಬಂದರು, ನಗುತ್ತಿದ್ದರು. ಮಾರ್ಲಿನ್ ಇಳಿಜಾರಿನಲ್ಲೆಲ್ಲ ಕೆಳಗಿಳಿದು ಸೈಕಲ್ಲು ತಳ್ಳಿಕೊಂಡು ಬಂದನಂತೆ, ಕಲ್ಲಿಗೆ ಟೈರು ಕೊಯ್ದುಹೋದೀತು ಎಂಬ ಹೆದರಿಕೆಗೆ. ನೋರಾ ಪ್ರತಿ ಸಲ ಕೆಳಗೆ ಕಾದಿದ್ದಾಳೆ. ಹೇಳುವಾಗ ಅವಳ ಮುಖದಲ್ಲಿ ಸಿಟ್ಟಿರಲಿಲ್ಲ.

"ಸದ್ದೇ ಇಲ್ಲ ನೋಡಕ್ಕ" ಅಂದ ಮಾರ್ಲಿನ್, ಬಾಯಿ ತುಂಬ ಬನ್ನು ಇಟ್ಟುಕೊಂಡು.

ನಾನು ನೋರಾಳ ಚಕ್ರದ ಹತ್ತಿರ ಬಗ್ಗಿ ನೋಡಿದೆ. ನನಗೆ ಬ್ರೇಕು ಗೊತ್ತಿಲ್ಲ, ಆದರೆ ಸವೆದದ್ದು ಗೊತ್ತಾಗುತ್ತದೆ. "ಇದು ಉಗುರಿನಷ್ಟೂ ಉಳಿದಿಲ್ವಲ್ಲೋ. ಬಿಡಿ ಪ್ಯಾಡು ಮೇಜಿನ ಮೇಲಿದೆ ತಾನೆ? ಹೋಗಿ ತರ್ತೀನಿ."

ಮಾರ್ಲಿನ್ ಅಗಿಯುವುದನ್ನು ನಿಲ್ಲಿಸಿದ. "ಯಾವುದನ್ನ ತರ್ತೀಯ?"

"ಎರಡನ್ನೂ ತರ್ತೀನಿ."

"ಎರಡು ಯಾಕೆ? ಒಂದು ಸಾಕು. ಯಾವುದು ಅಂತ..." ಆಕಾಶ ನೋಡಿದ. ಮೋಡ ಸರಿಯುತ್ತಿತ್ತು. "ರಸ್ತೆ ಒಣಗಿದ್ರೆ ಇದೇ ಸಾಕು. ಒಣಗದಿದ್ರೆ..."

"ನಿನ್ನ ತಲೆ ಒಣಗಲಿ" ಅಂದೆ.

"ಹೊತ್ತಾಯ್ತು ಅಪ್ಪ, ಬಾ" ಅಂದಳು ನೋರಾ. ನಾನು ಹೋಗಿ ಬರುವವರೆಗೆ ಕಾದರೆ ಸೂರ್ಯ ಕಾಯುವುದಿಲ್ಲ ಎಂದು ಅವಳಿಗೆ ಗೊತ್ತಿತ್ತು. ಹೊರಟರು. ಅಂಗಳದ ಕೆಸರಿನಲ್ಲಿ ಎರಡು ಸೈಕಲ್ಲಿನ ಗೀರು ಜೊತೆಜೊತೆಯಾಗಿ ಹೋಗಿತ್ತು.

ಮುಂದಿನದನ್ನು ನೋರಾ ಹೇಳಿ ತಿಳಿದದ್ದು. ತೊರೆಗೆ ಇಳಿಯುವ ದಾರಿಯಲ್ಲಿ ಅವಳ ಪ್ಯಾಡು ಪೂರ್ತಿ ಮುಗಿದು ಕಬ್ಬಿಣಕ್ಕೆ ಕಬ್ಬಿಣ ಉಜ್ಜತೊಡಗಿತು. ನಿಲ್ಲಿಸಲಾಗದೆ ನೇರ ತೊರೆಯೊಳಗೆ ಹೋಗಿ ಬಿದ್ದಳು. ಮೊಣಕೈ ತರಚಿತು, ಬೇರೇನಿಲ್ಲ. ಮಾರ್ಲಿನ್ ಮೇಲಿನಿಂದ ಓಡಿ ಬಂದ. ಮಗಳನ್ನು ನೋಡಿದ, ಎರಡೂ ಸೈಕಲ್ಲು ನೋಡಿದ. ಅವನದು ಇಳಿಜಾರಿನಲ್ಲೆಲ್ಲ ತಳ್ಳಿಕೊಂಡು ಬಂದ ಸೈಕಲ್ಲು. ಪ್ಯಾಡು ಅರ್ಧಕ್ಕರ್ಧ ಉಳಿದಿತ್ತು. ಒಂದು ಕ್ಷಣ ಯೋಚಿಸದೆ, ತನ್ನ ಎರಡೂ ಚಕ್ರದ ಕೀಲು ಎಳೆದು ಪ್ಯಾಡು ತೆಗೆದು ಅವಳ ಸೈಕಲ್ಲಿಗೆ ಹಾಕಿದ.

"ಹೋಗು ನೋರಾ. ಹೊತ್ತಿದೆ ಇನ್ನೂ."

"ನೀನು?"

"ನಾನು ಏರಲ್ಲಿ ತುಳೀತೀನಿ, ಇಳಿಜಾರಲ್ಲಿ ನಡೀತೀನಿ. ಬರ್ತೀನಿ. ಹೋಗು, ಹೋಗು."

ಸಂಜೆ ಬಿಸಿಲು ಓರೆಯಾದಾಗ ನೋರಾ ಒಬ್ಬಳೇ ನಮ್ಮ ಬೀದಿಗೆ ತಿರುಗಿದಳು. ಜನ ದನದ ಗಂಟೆ ಬಾರಿಸಿದರು. ಗೆರೆ ನನ್ನ ಬಾಗಿಲ ಮುಂದೆ. ಅಲ್ಲಿ ಹಾರ್ಲನ್ ಬಾವುಟ ಹಿಡಿದು ನಿಂತಿದ್ದ, ಸೂರ್ಯನನ್ನು ಕಾಯುವ ಕೆಲಸ ಈ ವರ್ಷ ಅವನದು. ನೋರಾ ನನ್ನ ಅಂಗಡಿಯ ಪಕ್ಕದ ಅಂಚೆ ಕಚೇರಿಯವರೆಗೆ ಬಂದಳು. ಬ್ರೇಕು ಹಿಡಿದಳು. ಸೈಕಲ್ಲನ್ನು ಗೋಡೆಗೆ ಒರಗಿಸಿ ಪಾದಚಾರಿ ದಾರಿಯ ಅಂಚಿನ ಮೇಲೆ ಕೂತಳು. ಗೆರೆ ಕೂಗಳತೆಯಲ್ಲೂ ಅಲ್ಲ, ಕೈಯಳತೆಯಲ್ಲಿ. ಗಂಟೆ ಒಂದೊಂದಾಗಿ ನಿಂತವು.

ನಾನು ನೀರು ತೆಗೆದುಕೊಂಡು ಹೋದೆ. "ಏನಾಯ್ತೇ? ಮೊಣಕೈಯಾ?"

"ಏನಿಲ್ಲ ಅತ್ತೆ." ನೀರು ಕುಡಿದು ಎಲ್ಲ ಹೇಳಿದಳು. ಕೊನೆಗೆ ಅಂದಳು: "ಬೇಡ ಅನ್ನೋಕೆ ಬಾಯಿ ಬರಲಿಲ್ಲ ಅತ್ತೆ. ಅಷ್ಟು ಖುಷಿಯಾಗಿದ್ದ ಅವನು ಕೊಡೋವಾಗ. ನಾನು ಯಾವತ್ತೂ ಅವನನ್ನ ಹಾಗೆ ನೋಡಿರಲಿಲ್ಲ."

"ಮತ್ತೆ ದಾಟಿಬಿಡೇ. ಅದಕ್ಕೆ ತಾನೆ ಕೊಟ್ಟಿದ್ದು."

ಅವಳು ಒಲ್ಲೆನೆಂದು ತಲೆಯಾಡಿಸಿದಳು. ಹಾರ್ಲನ್ ಬಾವುಟ ಕಂಕುಳಲ್ಲಿಟ್ಟುಕೊಂಡು ಬಂದ. ಅವನ ದೊಡ್ಡ ಬಾಯಿ ಈಗ ಸಣ್ಣದಾಗಿತ್ತು. "ನೋರಾ, ನಾಲ್ಕು ಹೆಜ್ಜೆ ಕಣಮ್ಮ. ನಾನು ಸೂರ್ಯನನ್ನ ಹಿಡಿದು ನಿಲ್ಲಿಸೋಕಾಗಲ್ಲ."

"ಗೊತ್ತು ಹಾರ್ಲನ್. ನಿಮ್ಮ ಕೆಲಸ ನೀವು ಮಾಡಿ."

ಸೂರ್ಯ ಧಾನ್ಯದ ಗೋಪುರದ ಹಿಂದೆ ಇಳಿದ. ಹಾರ್ಲನ್ ಬಾವುಟ ಸುತ್ತಿದ. ಜನ ಕಾರು ಹತ್ತಿದರು, ಹೋಗುವಾಗ ಸ್ಟೀರಿಂಗಿನ ಮೇಲಿಂದ ಒಂದೊಂದು ಬೆರಳು ಎತ್ತಿ ನಮಗೆ ಹೋಗಿಬರ್ತೀವಿ ಎಂದರು. ಬೆಳಕು ಇನ್ನೂ ಇತ್ತು, ಜೂನಿನ ಬೆಳಕು ಬೇಗ ಹೋಗುವುದಿಲ್ಲ. ಆ ಬೆಳಕಿನಲ್ಲಿ ನನ್ನ ತಮ್ಮ ಬಂದ. ಸಹಕಾರ ಸಂಘದ ಇಳಿಜಾರಿನಲ್ಲಿ ಕೆಳಗಿಳಿದು, ಸೈಕಲ್ಲು ತಳ್ಳಿಕೊಂಡು, ಕುಂಟಿಕೊಂಡು. ಮುಖ ತುಂಬ ನಗು. ತಾನು ಮಾಡಿದ ದೊಡ್ಡ ಕೆಲಸವನ್ನು ದಾರಿಯುದ್ದಕ್ಕೂ ತನಗೇ ಹೇಳಿಕೊಂಡು ಬಂದಿದ್ದ ಎಂದು ದೂರದಿಂದಲೇ ತಿಳಿಯುತ್ತಿತ್ತು. ನಮ್ಮನ್ನು ಕಂಡು ನಗು ನಿಂತಿತು.

"ಇಲ್ಯಾಕೆ ಕೂತಿದೀಯ ಮಗಳೇ? ಪ್ಯಾಡು ಕೈಕೊಡ್ತಾ?"

"ಇಲ್ಲಪ್ಪ. ಚೆನ್ನಾಗಿ ಹಿಡೀತು."

"ಮತ್ತೆ? ಹೊತ್ತಿಗೆ ಸರಿಯಾಗಿ ಬಂದೆ ತಾನೆ?"

"ಬಂದೆ. ಬೇಕಾದಷ್ಟು ಹೊತ್ತಿತ್ತು."

ಅವನಿಗೆ ಅರ್ಥವಾಗಲಿಲ್ಲ. ಪೆದ್ದನ ಹಾಗೆ ಗೆರೆಯನ್ನೂ ಅವಳನ್ನೂ ನೋಡಿದ. ನೋರಾ ಮೆಲ್ಲಗೆ ಹೇಳಿದಳು.

"ಅಪ್ಪ, ಒಂದೊಂದು ಚಕ್ರದ ಪ್ಯಾಡು ಹಂಚ್ಕೊಂಡಿದ್ರೆ ಇಬ್ಬರೂ ನಿಧಾನವಾಗಿ ಬರಬಹುದಿತ್ತು. ಮುಂದಿನದು ನಂಗೆ, ಹಿಂದಿನದು ನಿಂಗೆ."

ಮಾರ್ಲಿನ್ ತನ್ನ ಸೈಕಲ್ಲಿನ ಮುಂದಿನ ಚಕ್ರ ನೋಡಿದ. ಆಮೇಲೆ ಹಿಂದಿನದು. ತಂತಿ, ಎಣ್ಣೆ, ರಾಳ, ಲೋಹ ಎಂದು ಮೂರು ಚಳಿಗಾಲ ಬ್ರೇಕಲ್ಲದೆ ಬೇರೆ ಮಾತಾಡದ ಮನುಷ್ಯ. ಸೈಕಲ್ಲಿಗೆ ಎರಡು ಬ್ರೇಕಿರುತ್ತದೆ ಎಂಬುದೇ ಆಗ ತಾನೆ ಗೊತ್ತಾದ ಹಾಗೆ ನಿಂತಿದ್ದ.

"ಅದು ನಂಗೆ ಹೊಳೀಲೇ ಇಲ್ಲ" ಅಂದ.

"ನಂಗೂ ಅಲ್ಲಿ ಹೊಳೀಲಿಲ್ಲ. ನೀನು ಹೋಗು ಹೋಗು ಅಂತಿದ್ದೆ. ಮೈಲಿಗಟ್ಟಲೆ ಒಬ್ಬಳೇ ತುಳಿದ ಮೇಲೆ ಹೊಳೀತು." ಕೈಯಲ್ಲಿದ್ದ ಲೋಟ ಕೆಳಗಿಟ್ಟಳು. "ನಾನು ಕೇಳಿದ್ದು ನಿನ್ನನ್ನಪ್ಪ. ನೀನು ಮತ್ತೆ ಸಾಮಾನೇ ಕೊಟ್ಟೆ."

ನನ್ನ ಬಾಯಲ್ಲಿ ಅವನಿಗೆಂದು ಬೈಗುಳ ಯಾವಾಗಲೂ ಸಿದ್ಧವಿರುತ್ತದೆ. ಅವತ್ತೂ ಇತ್ತು. ಅವನ ಮುಖ ನೋಡಿ ನುಂಗಿಕೊಂಡೆ, ಅದು ರುಚಿಯಾಗಿರಲಿಲ್ಲ.

ಮಾರ್ಲಿನ್ ಸೈಕಲ್ಲು ಬಿಟ್ಟ. ಅದು ರಸ್ತೆಗೆ ಬಿತ್ತು, ತಿರುಗಿ ನೋಡಲಿಲ್ಲ. ಬಂದು ಮಗಳ ಪಕ್ಕ ಕೂತ. ಹಾರ್ಲನ್ ಸುತ್ತಿದ ಬಾವುಟ ಹಿಡಿದು ಅಲ್ಲೇ ನಿಂತಿದ್ದ.

"ಇನ್ನು ಕೇಳಲ್ಲ ಅಂದಿದ್ದೆ ನೀನು" ಅಂದ ಮಾರ್ಲಿನ್.

"ಹೂಂ. ಕೇಳಲ್ಲ."

ಮಾರ್ಲಿನ್ ಮಂಡಿಯ ಮೇಲಿನ ಒಣಗಿದ ಕೆಸರನ್ನು ಉಗುರಿನಿಂದ ಕೆರೆದ. ಆಮೇಲೆ ಅಂದ: "ಹಾಗಾದ್ರೆ ನಾನು ಕೇಳ್ತೀನಿ. ಬರೋ ಜೂನಿಗೆ ನನ್ನ ಜೊತೆ ಬರ್ತೀಯಾ ನೋರಾ? ಇರೋ ಸೈಕಲ್ಲಲ್ಲೇ. ಏನೂ ಬದಲಾಯಿಸಲ್ಲ."

ನಾನೂ ಹಾರ್ಲನ್ನೂ ಒಬ್ಬರ ಮುಖ ಒಬ್ಬರು ನೋಡಿದೆವು. ಐವತ್ತು ವರ್ಷದಲ್ಲಿ ನನ್ನ ತಮ್ಮ ಯಾರನ್ನೂ ಏನನ್ನೂ ಹೀಗೆ ನೇರವಾಗಿ ಕೇಳಿದ್ದು ನನಗೆ ನೆನಪಿಲ್ಲ. ನೋರಾ ಅವನನ್ನೇ ನೋಡಿದಳು, ಕಣ್ಣು ತುಂಬಿತ್ತು, ಆದ್ದರಿಂದ ಒಪ್ಪಿಬಿಡುತ್ತಾಳೆ ಎಂದುಕೊಂಡೆ.

"ಯೋಚನೆ ಮಾಡಿ ಹೇಳ್ತೀನಿ ಅಪ್ಪ" ಅಂದಳು.

ಈಗ ಗುಡ್ಡದ ಹುಲ್ಲು ಕೆಂಪಾಗಿದೆ, ಹಾರ್ಲನ್‌ನ ಟ್ರಕ್ಕು ಮತ್ತೆ ಮೇವು ಹೊತ್ತು ಕೂಗತೊಡಗಿದೆ. ಮಾರ್ಲಿನ್ ದಿನಾ ಬೆಳಿಗ್ಗೆ ನನ್ನ ಅಂಗಡಿಗೆ ಬರುತ್ತಾನೆ. ದುಂಡು ಮೇಜಿಗೆ ಹೋಗುವ ಮೊದಲು ಗಲ್ಲಾದ ಹತ್ತಿರ ನಿಂತು, ನೋರಾ ಏನಾದರೂ ಹೇಳಿದಳಾ ಎಂದು ಕೇಳುತ್ತಾನೆ. ಇನ್ನೂ ಇಲ್ಲ ಎನ್ನುತ್ತೇನೆ.